ಬಾರದವರ ಲೆಕ್ಕ

ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ನಾನು ಕಳೆದ ಗಂಟೆಗಳನ್ನೆಲ್ಲ ಕೂಡಿಸಿದರೆ ಒಂದು ಪಿಎಚ್.ಡಿ. ಪ್ರಬಂಧವನ್ನೇ ಬರೆದು ಮುಗಿಸಬಹುದಿತ್ತು. ನನ್ನಿಂದ ಆದದ್ದು ಮೂರು ಸ್ವೆಟರು ಮಾತ್ರ. ಅದೂ ನಮ್ಮ ಈ ಬಿಸಿಲ ಸೀಮೆಯಲ್ಲಿ! ಹಾಕಿಕೊಳ್ಳುವವರಿಲ್ಲದೆ ಅವು ಇಂದಿಗೂ ಟ್ರಂಕಿನ ತಳದಲ್ಲಿ ನುಸಿಗುಳಿಗೆಗಳ ಜೊತೆ ಸಂಸಾರ ಮಾಡಿಕೊಂಡಿವೆ.

ನನ್ನ ಮನೆ ಶಹಾಬಾದಿನಲ್ಲಿ, ನೌಕರಿ ಚಿತ್ತಾಪುರದ ಒಂದು ಶಾಲೆಯಲ್ಲಿ. ನಡುವೆ ವಾಡಿಯಲ್ಲಿ ಗಾಡಿ ಬದಲಿಸಬೇಕು. ಮುಂಬೈಯಿಂದ ಬಂದ ಹಳಿ ಅಲ್ಲಿಂದ ರಾಯಚೂರಿನ ಕಡೆ ಹೋಗುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಮುಗಿದ ಇನ್ನೊಂದು ಹಳಿ ಚಿತ್ತಾಪುರ, ಮಳಖೇಡ, ಸೇಡಂ ಹಾಯ್ದು ಸಿಕಂದರಾಬಾದಿಗೆ ಹೋಗುತ್ತದೆ. ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡವನ್ನು ಅನೇಕ ಎಕ್ಸ್‌ಪ್ರೆಸ್ ಗಾಡಿಗಳು ತಿರುಗಿಯೂ ನೋಡದೆ ದಾಟಿ ಹೋಗುವುದನ್ನು ಕಂಡಾಗ, ನಮ್ಮಂಥ ಟೀಚರಮ್ಮಗಳಿಗಾಗಿ ಯಾರು ನಿಂತಾರು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನಾನು ಓಡಾಡುತ್ತಿದ್ದ ಕಾಲಕ್ಕೆ ಈ ವಾಡಿಯಲ್ಲಿ ರೈಲ್ವೆಯ ಮೂರು ವಿಭಾಗಗಳು ಬಂದು ಕೂಡುತ್ತಿದ್ದವು: ಸೋಲಾಪುರ, ಸಿಕಂದರಾಬಾದ್, ಗುಂತಕಲ್. ನೆಲ ನಮ್ಮದು, ಫರಸಿ ಕಲ್ಲು ನಮ್ಮದು, ಸಿಮೆಂಟು ನಮ್ಮದು. ಆದರೆ ಮೂರೂ ಕಚೇರಿಗಳು ಇದ್ದದ್ದು ಪರರಾಜ್ಯದಲ್ಲಿ. ಆದ್ದರಿಂದ ಕಲಬುರಗಿಗೇ ಒಂದು ರೈಲ್ವೆ ವಿಭಾಗ ಬೇಕೆಂಬ ಕೂಗು ಹಳೆಯದು. 1980ರ ದಶಕದಲ್ಲಿ ಸರೀನ್ ಸಮಿತಿ ಅದನ್ನು ಶಿಫಾರಸು ಮಾಡಿತ್ತು. ಕಲಬುರಗಿಯ ಸಂಸದರೇ ಆಗಿದ್ದ ಮಲ್ಲಿಕಾರ್ಜುನ ಖರ್ಗೆಯವರು 2013ರಲ್ಲಿ ರೈಲ್ವೆ ಸಚಿವರಾದ ಮೇಲೆ ಕೂಗಿಗೆ ಜೀವ ಬಂತು. 2014ರಲ್ಲಿ ಅಡಿಗಲ್ಲೂ ಬಿತ್ತು. ಅದಾಗಿ ಹತ್ತು ವರ್ಷ ಕಳೆದರೂ ಕಚೇರಿಯ ಬಾಗಿಲು ತೆರೆಯಲಿಲ್ಲ. ಅಡಿಗಲ್ಲುಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ, ಕಲ್ಲಿನ ಸೀಮೆಯಲ್ಲವೇ!

ಈ ವಿಷಯಕ್ಕಾಗಿ ನಮ್ಮ ಭಾಗದ ಊರೊಂದರಲ್ಲಿ ಒಮ್ಮೆ ಸಭೆ ಕರೆದಿದ್ದರು. ಠರಾವು ಪಾಸು ಮಾಡಿ ದಿಲ್ಲಿಗೆ ಕಳಿಸುವುದಿತ್ತು. ಪುರಸಭೆಯ ಸದಸ್ಯರು, ಅಡತಿ ವ್ಯಾಪಾರಿಗಳು, ವಕೀಲರು ತುಂಬಿದ್ದರು. ಹೆಂಗಸರು ನಾವು ನಾಲ್ವರು, ಗೋಡೆಗೆ ಹತ್ತಿ ಕುಳಿತಿದ್ದೆವು.

ಮಾತು ಶುರುವಾದದ್ದು ಒಗ್ಗಟ್ಟಿನಿಂದಲೇ. ಚಹಾ ಬರುವಷ್ಟರಲ್ಲಿ ಒಗ್ಗಟ್ಟು ಒಡೆದಿತ್ತು. ವಾಡಿಯವರೊಬ್ಬರು, “ಜಂಕ್ಷನ್ ನಮ್ಮದು, ಕಚೇರಿನೂ ನಮ್ಮಲ್ಲೇ ಆಗ್ಲಿ” ಎಂದರು. ಜಿಲ್ಲಾಕೇಂದ್ರ ಬಿಟ್ಟು ಬೇರೆ ಊರು ಹೇಗಾದೀತು ಎಂದು ಕಲಬುರಗಿಯವರು ಎದ್ದರು. “ನಮ್ಮ ಹಳಿ ನಿಮ್ಮ ಹೊಸ ವಿಭಾಗಕ್ಕ ಸೇರ್ತದೋ, ಸಿಕಂದರಾಬಾದಿಗೇ ಉಳೀತದೋ, ಅದನ್ನ ಮೊದ್ಲ ಹೇಳ್ರಿ” ಎಂದು ಸೇಡಂ ಕಡೆಯವರು ಪಟ್ಟು ಹಿಡಿದರು. ಕೊನೆಗೆ ಚಿಂಚೋಳಿಯ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ಎದ್ದರು.

“ನಮ್ಮ ತಾಲೂಕಿನವರು ಗಾಡಿ ಹತ್ತಬೇಕಂದ್ರ ತಾಂಡೂರಿಗೆ ಹೋಗ್ಬೇಕು. ಬೀದರ್-ಕಲಬುರಗಿ ಹಳಿ ಹಾಕಿದ್ರು, ಅದೂ ನಮ್ಮೂರು ಮುಟ್ಟಲಿಲ್ಲ. ಹಳಿನೇ ಇಲ್ಲದವರಿಗೆ ವಿಭಾಗ ಅಂದ್ರ, ಕೂಸು ಹುಟ್ಟೂಕಿಂತ ಮೊದ್ಲ ಕುಲಾಯಿ ಹೊಲಿಸಿದಂಗಾತು.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಚಿಂಚೋಳಿ ನನ್ನ ತವರು.

ಲೆಕ್ಕಪತ್ರ ಬಲ್ಲ ಒಬ್ಬರು ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ವಿಭಾಗವಾಗಲಿ, ಹೊಸ ಗಾಡಿಯಾಗಲಿ, ನಿಲುಗಡೆಯಾಗಲಿ ಸುಮ್ಮನೆ ಕೊಡುವುದಿಲ್ಲ. ಎಷ್ಟು ಟಿಕೆಟ್ ಹೋದವು, ಎಷ್ಟು ಸರಕು ಏರಿತು, ಆದಾಯವೆಷ್ಟು ಎಂದು ನೋಡುತ್ತಾರೆ. “ಮಂದಿ ಇಲ್ಲದ ಕಡಿಗೆ ಗಾಡಿ ಹ್ಯಾಂಗ ಬಿಡ್ತಾರ್ರೀ?” ಮಾತು ನ್ಯಾಯವಾಗಿಯೇ ಇತ್ತು. ಆದರೂ ನನ್ನೊಳಗೆ ಏನೋ ಚುಚ್ಚಿತು. ಎದ್ದು ನಿಂತು, “ಸಂಜಿ ಶಾಲಿ ಬಿಟ್ಟ ಮ್ಯಾಲ, ಕತ್ತಲಾಗೂದ್ರೊಳಗ ಮನಿ ಮುಟ್ಟೂವಂಥ ಗಾಡಿದೂ ಒಂದು ಮಾತು ಠರಾವಿನ್ಯಾಗ ಬರೀರಿ” ಎಂದೆ. ಅಧ್ಯಕ್ಷತೆ ವಹಿಸಿದವರು ಬಹಳ ಸೌಜನ್ಯದಿಂದಲೇ, “ಅದು ಸಣ್ಣ ವಿಷಯ ಬಾಯಿ, ಮೊದ್ಲ ವಿಭಾಗ ಬರ್ಲಿ” ಎಂದರು. ನಾನು ಕುಳಿತೆ. ಸಹಿಯನ್ನೂ ಹಾಕಿದೆ. ವಿಭಾಗ ನನಗೂ ಬೇಕಾಗಿತ್ತು. ನಮ್ಮ ದೂರನ್ನು ನಮ್ಮ ಭಾಷೆಯಲ್ಲಿ ಓದುವ ಕಚೇರಿ ಯಾರಿಗೆ ಬೇಡ?

ಚುಚ್ಚಿದ್ದು ಏನೆಂದು ತಿಳಿದದ್ದು ಬಹಳ ತಡವಾಗಿ, 2023ರಲ್ಲಿ. ಅದನ್ನು ಹೇಳಬೇಕಾದರೆ ನನ್ನದೊಂದು ಸಣ್ಣತನವನ್ನೂ ಹೇಳಬೇಕಾಗುತ್ತದೆ.

ನನ್ನ ಎರಡನೆಯ ಹೆರಿಗೆಯ ಹೊತ್ತಿಗೆ ಅವ್ವ ತೀರಿಕೊಂಡಿದ್ದಳು. ತವರಿನಿಂದ ಬರಬೇಕಾದವರೆಂದರೆ ಅಣ್ಣನ ಹೆಂಡತಿ, ನಮ್ಮ ವೈನಿ. ಅಣ್ಣನೊಬ್ಬನೇ ಬಂದ. ಅಂಟಿನುಂಡಿಯ ಡಬ್ಬಿ ತೊಟ್ಟಿಲ ಹತ್ತಿರ ಇಟ್ಟು, ಸಂಜೆಯ ಬಸ್ಸಿಗೆ ಹೊರಟುಹೋದ. ಬಾಗಿಲಾಚೆ ಯಾರದಾದರೂ ಬಳೆ ಸಪ್ಪಳವಾದರೆ ವೈನಿಯೇ ಬಂದರೇನೋ ಎಂದು ಹತ್ತು ದಿನ ಕಿವಿಗೊಟ್ಟು ಮಲಗಿದ್ದೆ. ಅವರು ಬರಲಿಲ್ಲ. ಬಾಣಂತಿಯ ಮನಸ್ಸಿಗೆ ಬಿದ್ದ ಗಾಯ ಬೇಗ ಮಾಯುವುದಿಲ್ಲ. ಆಮೇಲೆ ಲಗ್ನ, ಜಾತ್ರೆಗಳಲ್ಲಿ ಸಿಕ್ಕಾಗ ಬಾಯಿತುಂಬ ಮಾತಾಡಿದರೂ ಒಳಗಿನದು ಹಾಗೆಯೇ ಇತ್ತು. ಅವ್ವ ಇದ್ದರಷ್ಟೇ ತವರು ಎಂದು ತೀರ್ಮಾನಿಸಿಬಿಟ್ಟಿದ್ದೆ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಎಷ್ಟು ವಾದ ನಡೆಯಿತೆಂದು ನಿಮಗೂ ನೆನಪಿರಬೇಕು. ಆಟೋದವರ ಹೊಟ್ಟೆಯ ಮೇಲೆ ಹೊಡೆತ ಬಿತ್ತು, ಅದು ಸುಳ್ಳಲ್ಲ. ಶಾಲೆಯ ಮಕ್ಕಳು ಬಾಗಿಲಲ್ಲಿ ಜೋತಾಡಿದ್ದನ್ನು ನಾನೇ ಕಂಡಿದ್ದೇನೆ. “ಇಷ್ಟು ದಿನ ಮನಿಯಾಗಿದ್ದವರಿಗೆ ಈಗೇನು ಕೆಲಸ ಬಂತೋ” ಎಂದು ಬಸ್ಸಿನಲ್ಲಿ ಗೊಣಗುವವರ ಮಾತನ್ನೂ ಕೇಳಿಸಿಕೊಂಡಿದ್ದೇನೆ.

ಶ್ರಾವಣದ ಒಂದು ಮಧ್ಯಾಹ್ನ ಬಾಗಿಲು ಬಡಿದ ಸಪ್ಪಳವಾಯಿತು. ತೆರೆದರೆ ವೈನಿ! ಬೆವರಿಗೆ ಕುಂಕುಮ ಮೂಗಿನ ತನಕ ಇಳಿದಿತ್ತು. ಕಂಕುಳಲ್ಲಿ ತೊಗರಿಬೇಳೆಯ ಚೀಲ, ಮುಷ್ಟಿಯಲ್ಲಿ ಸುರುಳಿ ಸುತ್ತಿದ ಎರಡು ಟಿಕೆಟ್. ಚಿಂಚೋಳಿಯಿಂದ ಕಲಬುರಗಿ, ಕಲಬುರಗಿಯಿಂದ ಶಹಾಬಾದ್, ಎರಡರ ಮೇಲೂ ಸೊನ್ನೆ.

“ಏನ್ ವೈನಿ, ಒಬ್ಬರೇ ಬಂದ್ರಿ?”

“ಮತ್ತ ಯಾರ್ ಬೇಕವ್ವ? ಯಾರನ್ನೂ ರೊಕ್ಕಾ ಕೇಳ್ಲಿಲ್ಲ. ‘ಹೋಗಿ ಬರ್ತೀನಿ’ ಅಂದೆ, ಬಂದೆ.”

ಊಟ ಮಾಡಿ ಕುಳಿತಾಗ ನನಗೆ ತಡೆಯಲಾಗಲಿಲ್ಲ. ನಗುನಗುತ್ತಲೇ, “ಇಷ್ಟು ವರ್ಷಕ್ಕ ನಾದಿನಿ ನೆನಪಾದ್ಲೇನ್ರಿ?” ಎಂದೆ. ಮಾತಿನೊಳಗಿನ ಮುಳ್ಳು ಅವರಿಗೆ ತಾಕಿತು. ತುಸು ಹೊತ್ತು ಸುಮ್ಮನಿದ್ದು ಹೇಳಿದರು:

“ಆಗ ನಿನ್ನ ಬಾಣಂತನಕ್ಕ ಬರ್ತೀನಿ ಅಂತ ಸೀರಿನೂ ಮಡಚಿಟ್ಟಿದ್ದೆ. ‘ಇಬ್ಬರ ಚಾರ್ಜ್ ಯಾಕ, ನಾ ಹೋಗಿ ಬರ್ತೀನಿ’ ಅಂದ್ರು ನಿಮ್ಮಣ್ಣ. ಅವ್ರದೇನ್ ತಪ್ಪು, ಆ ವರ್ಷ ತೊಗರಿ ಹೋಗಿತ್ತು. ರಾತ್ರಿ ಕುಂತು ಉಂಡಿ ಕಟ್ಟಿ ಕೊಟ್ಟೆ. ನಾ ಬರ್ಲಿಲ್ಲ ಅಂದ್ರ ನನಗ ಬರೂ ಮನಸ್ಸೇ ಇರ್ಲಿಲ್ಲ ಅಂತ ತಿಳ್ಕೊಂಡಿದ್ದೇನು?”

ಹೌದು, ಹಾಗೆಯೇ ತಿಳಿದಿದ್ದೆ. ಆ ಉಂಡಿಗಳನ್ನು ಅಣ್ಣ ಅಂಗಡಿಯಿಂದ ತಂದನೆಂದೂ ತಿಳಿದಿದ್ದೆ.

ಆ ರಾತ್ರಿ ನನಗೆ ಸಭೆಯ ಲೆಕ್ಕದ ಮಾತು ನೆನಪಾಯಿತು. ಟಿಕೆಟ್ಟಿನ ಲೆಕ್ಕದಲ್ಲಿ ಹೋದವರಷ್ಟೇ ಇರುತ್ತಾರೆ. ಸೀರೆ ಮಡಚಿಟ್ಟುಕೊಂಡು ಕುಳಿತು, ಹೋಗಲಾರದೆ ಉಳಿದವರು ಯಾವ ಪುಸ್ತಕದಲ್ಲಿದ್ದಾರೆ? ಸಂಜೆ ಗಾಡಿಯಿಲ್ಲವೆಂದು ಕಾಲೇಜು ಬಿಟ್ಟ ಹುಡುಗಿ, ದೂರವಾಯಿತೆಂದು ನೌಕರಿ ಬೇಡವೆಂದವಳು, ಇವರೆಲ್ಲ ಕಾಗದದ ಮೇಲೆ ‘ಮಂದಿ ಇಲ್ಲ’. ಮಂದಿ ಇಲ್ಲವೆಂದು ಗಾಡಿ ಇಲ್ಲ. ಗಾಡಿ ಇಲ್ಲವೆಂದು ಮಂದಿ ಇಲ್ಲ. ಬಸ್ಸಿನ ಕಂಡಕ್ಟರ್ ಹರಿದುಕೊಟ್ಟ ಸೊನ್ನೆ ಟಿಕೆಟ್ಟಿನಿಂದಲೇ ನಮ್ಮ ವೈನಿ ಮೊದಲ ಸಲ ಒಂದು ಲೆಕ್ಕಕ್ಕೆ ಬಂದರು. ಅವರಿಗೆ ಮನಸ್ಸಿಲ್ಲವೆಂದು ಅಷ್ಟು ವರ್ಷ ಬರೆದಿಟ್ಟುಕೊಂಡ ನನ್ನ ಲೆಕ್ಕವೂ ಅದೇ ಜಾತಿಯದಾಗಿತ್ತು.

ವಿಭಾಗದ ಮಾತು ಇನ್ನೂ ನಡೆದೇ ಇದೆ. ಮುಂದಿನ ಸಭೆಗೆ ವೈನಿಯನ್ನೂ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹೇಳಿದರೆ ಅವರು ಮೊದಲು ನಕ್ಕರು, “ಅಲ್ಲಿ ನಂದೇನ್ ಕೆಲಸ?” ಎಂದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ ತಾವೇ ಕೇಳಿದರು:

“ಆ ಸಭಿ ಸಂಜಿ ಎಷ್ಟಕ್ಕ ಮುಗೀತದ? ನನ್ನ ಬಸ್ ಐದೂವರಿಗದ.”