ಹದಿನಾಲ್ಕು ಜನರ ಆಫೀಸು

(1/4)

ಹೋದ ವಾರ ಆಫೀಸಿನ ಮೆಟ್ಟಿಲ ಫೋಟೋ ಹಾಕಿದ್ದಕ್ಕೆ "ಶಿವಮೊಗ್ಗದಲ್ಲಿ ಸಾಫ್ಟ್‌ವೇರ್ ಕಂಪನಿ ಇದ್ಯಾ?" ಅಂತ ಎಷ್ಟೊಂದು ಜನ ಕೇಳಿದ್ರಿ. ಇದೆ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಾವು. ಓನರ್ ಮತ್ತು ಅವರ ಹೆಂಡ್ತೀನ ಬಿಟ್ಟು ಹದಿನಾಲ್ಕು ಜನ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಕೊಡೋದು ನಮ್ಮ ಕೆಲಸ.

ಮಂಡಿಗೆ ಅಡಿಕೆ ಬಂದ್ರೆ ತೂಕ, ದರ, ಹಮಾಲಿ, ರೈತರು ಮೊದಲೇ ತಗೊಂಡಿದ್ದ ಅಡ್ವಾನ್ಸು ಎಲ್ಲಾ ಲೆಕ್ಕ ಆಗಿ ಕೊನೆಗೆ ಅವರ ಕೈಗೆ ಒಂದು ಚೀಟಿ ಬರುತ್ತಲ್ಲ, ಆ ಚೀಟಿ ನಮ್ದು. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು, ಈ ನಾಲ್ಕರಲ್ಲಿ ಸ್ಕ್ರೀನ್ ಮೇಲೆ ಯಾವುದು ಮೊದಲು ಬರ್ಬೇಕು ಅಂತ ನಮ್ಮಲ್ಲಿ ಒಂದು ಮಧ್ಯಾಹ್ನ ಪೂರ್ತಿ ಜಗಳ ಆಗಿದೆ. (ರಾಶಿ ಇಡಿ ಗೆಲ್ತು. ಗೆಲ್ಲಲೇಬೇಕಿತ್ತು, ದಿನಕ್ಕೆ ಅತಿ ಹೆಚ್ಚು ಒತ್ತೋದು ಅದನ್ನೇ.)

ಬೆಂಗಳೂರಿನ ಫ್ರೆಂಡ್ಸ್‌ಗೆ ತಾವು ಬರೆದ ಕೋಡ್ ಯಾರು ಬಳಸ್ತಾರೆ ಅಂತ ಅಷ್ಟಾಗಿ ಗೊತ್ತಿರಲ್ಲ. ನಂಗೆ ದನಿ ಕೇಳಿದ್ರೆ ಸಾಕು, ಯಾವ ಮಂಡಿ ಗುಮಾಸ್ತರು, ಅವರ ಪ್ರಿಂಟರ್ ಯಾವ ಕಾಲದ್ದು ಅಂತ ಹೇಳ್ತೀನಿ. ಬಿಲ್ಲು ನಿಂತ್ರೆ "ಮೇಡಂ, ರೈತ್ರು ಮುಂದೇನೇ ಕೂತಿದಾರೆ" ಅಂತಾರೆ. ಆ ಒಂದು ಮಾತಿಗೆ ಊಟದ ತಟ್ಟೆ ಪಕ್ಕಕ್ಕೆ ಹೋಗುತ್ತೆ.

(2/4)

ಎರಡನೇ ಫೋಟೋದಲ್ಲಿರೋ ಹಳೇ ನೀಲಿ ಸ್ಕ್ರೀನು ಸಾರ್ ಬರೆದಿದ್ದು. ಸಾರ್ ಅಂದ್ರೆ ಓನರ್. ಒಬ್ಬರೇ ಕೂತು ಫಾಕ್ಸ್‌ಪ್ರೋದಲ್ಲಿ ಬರೆದಿದ್ದು. ಮೈಕ್ರೋಸಾಫ್ಟ್‌ನವರು 2015ರ ಜನವರಿಯಲ್ಲೇ ಅದಕ್ಕೆ ಸಪೋರ್ಟ್ ನಿಲ್ಲಿಸಿದ್ರು. ನಮ್ಮ ಕೆಲವು ಮಂಡಿಗಳಲ್ಲಿ ಇವತ್ತಿಗೂ ಓಡ್ತಿದೆ. ಅದರಲ್ಲಿ ಒಂದು ಫೈಲು 2 ಜಿಬಿ ದಾಟಂಗಿಲ್ಲ, ಹಾಗಾಗಿ ಪ್ರತಿ ಏಪ್ರಿಲ್ 1ಕ್ಕೆ ಹೊಸ ಫೈಲು ಶುರು ಮಾಡಿ ಕೊಡ್ತೀವಿ. ನೋಡ್ರಿ, ವ್ಯಾಪಾರಿಗಳ ಹೊಸ ಖಾತೆ ಪುಸ್ತಕದ ಪದ್ಧತಿಗೇ ಸರಿಹೋಯ್ತು.

ಇಲ್ಲಿ ಎಚ್‌ಆರ್ ಇಲ್ಲ. ರಜೆ ಬೇಕಂದ್ರೆ ಸಾರ್ ಟೇಬಲ್ ಹತ್ರ ಹೋಗಿ ನಿಲ್ಲಬೇಕು. "ಯಾರ ಮದುವೆನಮ್ಮ? ಹುಡುಗ ಎಲ್ಲಿಯವನು?" ಅಂತ ಪೂರ್ತಿ ವಿಚಾರಣೆ ಆದ್ಮೇಲೆ ರಜೆ. ಸಂಬಳ ಒಂದನೇ ತಾರೀಖು ಬರ್ಬೇಕು, ಕೆಲವು ತಿಂಗಳು ಒಂಬತ್ತಾಗುತ್ತೆ. ಯಾಕೆ ತಡ ಅಂತ ಯಾರೂ ಹೇಳಬೇಕಾಗಿಲ್ಲ. ಯಾವ ಮಂಡಿಯ ಎಎಂಸಿ ದುಡ್ಡು ಬಂದಿಲ್ಲ ಅಂತ ನಮಗೇ ಗೊತ್ತಿರುತ್ತೆ, ಅವರಿಗೆ ಫೋನ್ ಮಾಡಿದ್ದೂ ನಾವೇ. ದೊಡ್ಡ ಕಂಪನೀಲಿ ಸಂಬಳ ಆಕಾಶದಿಂದ ಬಿದ್ದಂಗೆ ಅಕೌಂಟಿಗೆ ಬೀಳುತ್ತೆ. ಇಲ್ಲಿ ಅದು ಯಾರ ಗಲ್ಲಾಪೆಟ್ಟಿಗೆಯಿಂದ ಹೊರಟಿದ್ದು ಅಂತ ಕಾಣುತ್ತೆ. ಒಮ್ಮೊಮ್ಮೆ ಕಾಣದಿದ್ರೇ ಚೆನ್ನಾಗಿತ್ತು ಅನ್ಸುತ್ತೆ.

2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದವರಿಗೆಲ್ಲ ಇ-ಇನ್ವಾಯ್ಸ್ ಕಡ್ಡಾಯ ಆಯ್ತಲ್ಲ, ನಮ್ಮ ಎಷ್ಟೋ ಮಂಡಿಗಳು ಒಂದೇ ಸಲಕ್ಕೆ ಅದರೊಳಗೆ ಬಂದ್ವು. ಬಿಲ್ಲು ಸರ್ಕಾರದ ಪೋರ್ಟಲ್‌ಗೆ ಹೋಗಿ, 64 ಅಕ್ಷರದ ಒಂದು ನಂಬರು ಮತ್ತೆ ಕ್ಯೂಆರ್ ಕೋಡ್ ತಗೊಂಡು ವಾಪಸ್ ಬರ್ಬೇಕು. ಜುಲೈ ತಿಂಗಳು ಪೂರ್ತಿ ರಾತ್ರಿ ಹತ್ತು ಗಂಟೆವರೆಗೆ ಕೂತ್ವಿ. ಮೇಡಂ ಮನೆಯಿಂದ ಚಿತ್ರಾನ್ನ ಕಳಿಸ್ತಿದ್ರು. ಓವರ್‌ಟೈಮ್ ಅನ್ನೋ ಪದಾನ ಯಾರೂ ಎತ್ತಲಿಲ್ಲ. ಚಿತ್ರಾನ್ನ ತಿಂದ್ಕೊಂಡು ಹೆಂಗ್ರೀ ಎತ್ತೋದು?

(3/4)

ಈಗ ಅಸಲಿ ವಿಷಯ.

ನಮ್ಮಲ್ಲಿ ಪಿಎಫ್ ಇಲ್ಲ. ಪಿಎಫ್ ಕಡ್ಡಾಯ ಆಗೋದು 20 ಜನ ಕೆಲಸಗಾರರಿದ್ದಾಗ. ಒಂದು ಸಲ ನಾವು ಹದಿನೆಂಟಾಗಿದ್ವಿ. ಆಗ ಸಾರ್ ಹೊಸಬರನ್ನ ತಗೊಳ್ಳೋದೇ ನಿಲ್ಲಿಸಿದ್ರು. ಕೆಲಸ ಜಾಸ್ತಿ ಇತ್ತು, ಕುರ್ಚಿನೂ ಖಾಲಿ ಇತ್ತು. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು.

ಹೋದ ನವೆಂಬರಲ್ಲಿ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಮೊದಲು ಕೇಳಿದ್ದು ಕಂಪನಿ ಹೆಸರು, ಎರಡನೇದು ಪಿಎಫ್. ಮೇಡಂ ಎಕ್ಸೆಲ್‌ನಲ್ಲಿ ಮಾಡಿಕೊಟ್ಟ ಸ್ಯಾಲರಿ ಸ್ಲಿಪ್ಪನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮ್ಮ ತಂದೆಯವರ ಹೆಸರಲ್ಲಿ ಅಪ್ಲೈ ಮಾಡೋಕಾಗುತ್ತಾ?" ಅಂದ್ರು. ಅಪ್ಪಂಗೆ 67. ನಾನು ಆರು ವರ್ಷದಿಂದ ದುಡೀತಿದೀನಿ.

ಆಮೇಲೆ ಕಾಯ್ದೆ ಹುಡುಕಿ ಓದಿದೆ. 20 ಜನ ಇಲ್ದಿದ್ರೂ ಮಾಲೀಕರು ಮತ್ತೆ ಅರ್ಧಕ್ಕಿಂತ ಹೆಚ್ಚು ಕೆಲಸಗಾರರು ಒಪ್ಪಿದ್ರೆ ಸ್ವಂತ ಇಷ್ಟದಿಂದಲೇ ಪಿಎಫ್‌ಗೆ ಸೇರಬಹುದು. ಇದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಕಮೆಂಟಲ್ಲಿ ಹೇಳಿ.

ಒಂದು ಸಂಜೆ ಎಲ್ಲರೂ ಹೋದ್ಮೇಲೆ ಸಾರ್‌ಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ನಾನು ಯಾವತ್ತಾದ್ರೂ ನಿಮ್ಮ ಸಂಬಳ ಮುಳುಗಿಸಿದೀನೇನಮ್ಮ?"

ಇಲ್ಲ. 2020ರ ಲಾಕ್‌ಡೌನಲ್ಲಿ ಮಂಡಿ ಮುಚ್ಚಿದಾಗ ಅರ್ಧ ಸಂಬಳ ಕೊಟ್ಟಿದ್ರು, ಬಾಕಿ ಅರ್ಧಾನ ಡಿಸೆಂಬರ್ ಒಳಗೆ ಪೈಸೆ ಬಿಡದೆ ತೀರಿಸಿದ್ರು. ಅಪ್ಪಂಗೆ ಸ್ಟೆಂಟ್ ಹಾಕಿಸುವಾಗ ನಾನು ಕೇಳೋ ಮೊದಲೇ 60,000 ಕೈಗಿಟ್ಟಿದ್ರು. ಇದೇ ಇಂಥ ಕಂಪನಿಯ ಕಷ್ಟ. ಕಾನೂನಲ್ಲಿ ಇರೋದನ್ನ ಕೇಳಿದ್ರೂ ಆ ಮನುಷ್ಯನ ಮೇಲೆ ಅನುಮಾನ ಪಟ್ಟಂಗೆ ಕೇಳಿಸುತ್ತೆ. ಅವರಿಗೂ, ನಮಗೂ. "ಸಾರ್, ನಿಮ್ಮ ಒಳ್ಳೇತನ ಬ್ಯಾಂಕ್ ಫಾರ್ಮಲ್ಲಿ ಬರೆಯೋಕೆ ಜಾಗ ಇಲ್ಲ" ಅಂದೆ. ನಗಲಿಲ್ಲ. ಕ್ಯಾಲ್ಕುಲೇಟರ್ ತೆಗೆದ್ರು.

ಲೆಕ್ಕ ಹೀಗೆ. ಮೂಲ ವೇತನ ಮತ್ತು ಡಿಎ ಮೇಲೆ ನಮ್ಮಿಂದ 10%, ಕಂಪನಿಯಿಂದ 10%. ಕಡ್ಡಾಯದ ಮಿತಿ 15,000, ಅಂದ್ರೆ ಅವರ ಕಡೆಯಿಂದ ಒಬ್ಬರಿಗೆ ಹೆಚ್ಚೆಂದರೆ 1,500. ಹದಿನಾಲ್ಕು ಜನಕ್ಕೆ 21,000 ಒಳಗೆ, ಮೇಲೆ ಸ್ವಲ್ಪ ಆಡಳಿತ ಶುಲ್ಕ ಮತ್ತೆ ವಿಮೆ. "ಪ್ರತಿ ತಿಂಗಳು 15ನೇ ತಾರೀಖಿನೊಳಗೆ ಕಟ್ಟಲೇಬೇಕು, ಗೊತ್ತಾ? ಮಂಡಿಯೋರು ದುಡ್ಡು ಕೊಡ್ಲಿ, ಬಿಡ್ಲಿ" ಅಂದ್ರು. ಅವರದ್ದೇ ಮನೆ ಬ್ಯಾಂಕಲ್ಲಿ ಅಡ ಇದೆ, ಅದೂ ನನಗೆ ಗೊತ್ತು. ಕೊನೆಗೆ, "ಅರ್ಧಕ್ಕಿಂತ ಜಾಸ್ತಿ ಜನದ ಸೈನ್ ತಗೊಂಡು ಬಾ, ನೋಡೋಣ."

(4/4)

ಓನರ್ ಒಪ್ಪಿಸೋದೇ ದೊಡ್ಡದು ಅಂದ್ಕೊಂಡಿದ್ದೆ. ನಮ್ಮವರು ಅದಕ್ಕಿಂತ ಗಟ್ಟಿ.

ಸಪೋರ್ಟ್‌ನಲ್ಲಿರೋ ಹುಡುಗನಿಗೆ 14,500 ಸಂಬಳ, ಬೈಕಿನ ಇಎಂಐ 3,400. "ಅಕ್ಕ, ನಿನ್ನ ಮನೆ ಸಾಲಕ್ಕೆ ನಾನ್ಯಾಕೆ ತಿಂಗಳಿಗೆ 1,450 ಕಳ್ಕೊಳ್ಲಿ?" ಅಂದ. ಸಂಬಳ 15,000 ಒಳಗಿದ್ರೆ, ಒಮ್ಮೆ ಕಂಪನಿ ಸೇರಿದ್ಮೇಲೆ ಅವನು ಬೇಡ ಅನ್ನಂಗಿಲ್ಲ. ಕಂಪನಿಯಿಂದಲೂ ಅಷ್ಟೇ ಹಾಕ್ತಾರೆ ಕಣೋ ಅಂದ್ರೆ, "ಅದು ಯಾವತ್ತೋ ಬರೋದು, ಇದು ಪೆಟ್ರೋಲು" ಅಂದ. ಅವನದ್ದು ತಪ್ಪು ಅಂತ ನನಗೆ ಈಗಲೂ ಅನ್ಸಲ್ಲ. ಆದ್ರೆ ನಾನು ಬಿಡಲಿಲ್ಲ.

ಮೊದಲು ಸೈನ್ ಹಾಕಿದ್ದು ಆಫೀಸು ಗುಡಿಸಿ, ಟೀ ಮಾಡೋ ನಮ್ಮ ಅಕ್ಕ. 11,000 ಸಂಬಳ. ಅವರ ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದೋರು. ರಿಟೈರ್ ಆದಾಗ ಬಂದ ಪಿಎಫ್ ದುಡ್ಡಲ್ಲೇ ಮನೆಯ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸಿದ್ರಂತೆ. ಎಲ್ಲರೂ ನನ್ನ ಪರ್ಸೆಂಟೇಜ್ ಕೇಳಿ ಆಕಳಿಸ್ತಿದ್ದಾಗ ಅವರು ಆ ತಾರಸಿ ಕತೆ ಹೇಳಿದ್ರು. ಅದಾದ್ಮೇಲೆ ಮೂರು ಸೈನು ಒಟ್ಟಿಗೇ ಬಿತ್ತು.

ಒಟ್ಟು ಒಂಬತ್ತು. ಕೊನೇ ಫೋಟೋದಲ್ಲಿ ಇರೋದು ಅದೇ ಹಾಳೆ, ಹೆಸರುಗಳನ್ನ ಮಸುಕು ಮಾಡಿದೀನಿ. ಬೈಕಿನ ಹುಡುಗ ಹಾಕಲಿಲ್ಲ. ಎರಡು ವಾರ ಆಯ್ತು, ನನ್ನ ಹತ್ರ ಕೆಲಸದ ಮಾತು ಬಿಟ್ಟು ಬೇರೆ ಆಡ್ತಿಲ್ಲ. ಸಾರ್ ಹಾಳೆ ನೋಡಿ, ಯಾರ‍್ಯಾರು ಹಾಕಿಲ್ಲ ಅಂತ ಬೆರಳಿಟ್ಟು ಎಣಿಸಿ, "2024ರ ಏಪ್ರಿಲಿಂದ ಮಾಡೋಣ, ರಿನ್ಯೂವಲ್ ದುಡ್ಡು ಬಂದಿರುತ್ತೆ" ಅಂತ ಆಡಿಟರ್‌ಗೆ ಕಳಿಸಿದಾರೆ.

ಅಕ್ಕ ದಿನಾ ಬೆಳಗ್ಗೆ ಟೀ ಇಡುವಾಗ "ನಂಬರ್ ಬಂತಾ?" ಅಂತ ಕೇಳ್ತಾರೆ. ಹನ್ನೆರಡು ಅಂಕಿ ಇರುತ್ತೆ ಅಂತ ಹೇಳಿದೀನಿ. ಬರ್ಕೊಳ್ಳೋಕೆ ಡೈರಿಯ ಕೊನೇ ಪುಟ ಖಾಲಿ ಬಿಟ್ಟಿದಾರೆ.

#ಶಿವಮೊಗ್ಗ #ಅಡಿಕೆಮಂಡಿ #ಸಣ್ಣಕಂಪನಿ #ಕೆಲಸದಕತೆ