ಆಸ್ಪತ್ರೆಯ ಸಾಲ, ವಸೂಲಿಯ ಫೋನು

ಆಸ್ಪತ್ರೆಯ ಬಿಲ್ಲು ಬಾಕಿ ಉಳಿದರೆ ಸಿಬಿಲ್ ಕೆಡುತ್ತದೆ ಎಂದು ನಮ್ಮ ಕಡೆ ಅನೇಕರು ನಂಬಿದ್ದಾರೆ. ಅದು ಅರ್ಧ ನಿಜ. ಅಮೆರಿಕದಲ್ಲಿ ಬಾಕಿ ಬಿಲ್ಲೇ ಸಾಲದ ವರದಿಗೆ ಏರುವುದುಂಟು. 500 ಡಾಲರಿಗಿಂತ ಕಡಿಮೆಯ ಬಾಕಿಗಳನ್ನು 2023ರಲ್ಲಿ ಅಲ್ಲಿನ ಮೂರು ದೊಡ್ಡ ಸಂಸ್ಥೆಗಳು ಕೈಬಿಟ್ಟವು. ನಮ್ಮಲ್ಲಿ ಸಾಮಾನ್ಯವಾಗಿ ಹಣ ಕಟ್ಟಿಸಿಕೊಂಡೇ ಡಿಸ್ಚಾರ್ಜ್ ಮಾಡುತ್ತಾರೆ. ಆ ಹಣಕ್ಕೆಂದು ಫೈನಾನ್ಸ್ ಕಂಪೆನಿಯಲ್ಲಿ ಎತ್ತಿದ ಸಾಲ ವರದಿಗೆ ಹೋಗುತ್ತದೆ. ಕಾಯಿಲೆಯ ಮಾತು ಅದರಲ್ಲಿ ಇರುವುದಿಲ್ಲ. ಬರೀ ಪರ್ಸನಲ್ ಲೋನ್.

ಗುಬ್ಬಿಯಲ್ಲಿರುವ ನಮ್ಮ ಅಣ್ಣನವರು 2018ರಲ್ಲಿ ಅತ್ತಿಗೆಯ ಶಸ್ತ್ರಚಿಕಿತ್ಸೆಗೆ 1,20,000 ರೂಪಾಯಿ ಸಾಲ ಮಾಡಿದರು. 36 ಕಂತು, ತಿಂಗಳಿಗೆ 4,280. ಹತ್ತೊಂಬತ್ತು ಕಂತುಗಳನ್ನು ತಪ್ಪದೆ ಕಟ್ಟಿದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಬಟ್ಟೆ ಅಂಗಡಿಯ ಬಾಗಿಲು ಮುಚ್ಚಿತು. ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತೇನೋ ನಿಜ, ಆದರೆ ಸೆಪ್ಟೆಂಬರಿನಲ್ಲಿ ಅಂಗಡಿ ತೆರೆದರೆ ಗಿರಾಕಿಗಳೇ ಇರಲಿಲ್ಲ.

ಆಮೇಲೆ ಫೋನುಗಳು ಶುರುವಾದವು. ಬೆಳಿಗ್ಗೆ ಆರೂವರೆಗೆ, ರಾತ್ರಿ ಒಂಬತ್ತಕ್ಕೆ. ಒಬ್ಬನಂತೂ ಕುಣಿಗಲ್‌ನಲ್ಲಿರುವ ಅತ್ತಿಗೆಯ ತವರಿಗೇ ಫೋನ್ ಮಾಡಿ, ಅವರ ತಂದೆಗೆ ಸಾಲದ ಲೆಕ್ಕವೆಲ್ಲ ಒಪ್ಪಿಸಿದ. ಆಪರೇಷನ್ನಿನ ನೋವನ್ನು ನುಂಗಿದ್ದ ಅತ್ತಿಗೆ ಅಂದು ಊಟ ಮಾಡಲಿಲ್ಲ.

2024ರಲ್ಲಿ ಅವರ ಮಗನಿಗೆ ನರ್ಸಿಂಗ್ ಸೀಟು ಸಿಕ್ಕಿತು. ಬ್ಯಾಂಕಿನವರು ತಂದೆಯ ಸಿಬಿಲ್ ನೋಡಿ ಶಿಕ್ಷಣ ಸಾಲದ ಅರ್ಜಿಯನ್ನು ಬದಿಗಿಟ್ಟರು. ತಾಯಿಯ ಚಿಕಿತ್ಸೆಗೆ ಮಾಡಿದ ಸಾಲ ಮಗನ ಓದಿಗೆ ಅಡ್ಡ ಬಂತು.

ತುಮಕೂರಿನ ನಮ್ಮ ಮನೆಯಲ್ಲಿ ಕಾಗದಗಳನ್ನೆಲ್ಲ ಹರಡಿಕೊಂಡು ಕುಳಿತೆವು. ಮೊದಲು ವರದಿ ತರಿಸಿದೆವು. ಸಿಬಿಲ್ ಸೇರಿದಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದಲೇ ಇದೆ. ಉಳಿದದ್ದು 17 ಕಂತು, ಅಂದರೆ 72,760 ರೂಪಾಯಿ. ವಸೂಲಿಯವರು ಕೇಳುತ್ತಿದ್ದದ್ದು 1,38,000. ನಡುವಿನದೆಲ್ಲ ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ.

ಒಂದು ದಿನ ಏಜೆಂಟ್ ತಾನಾಗಿ ಮೆತ್ತಗಾದ. “ಸಾಬ್ರೇ, ಐವತ್ತು ಸಾವಿರ ಕಟ್ಬಿಡಿ, ಇವತ್ತೇ ಮುಗಿಸ್ಬಿಡೋಣ.” ಅಣ್ಣನಿಗೆ ಆಸೆಯಾಯಿತು. ಯಾರಿಗೆ ಆಗುವುದಿಲ್ಲ? ಆದರೆ ಹಾಗೆ ಕಡಿಮೆ ಕಟ್ಟಿ ಮುಗಿಸಿದ ಸಾಲ ವರದಿಯಲ್ಲಿ ‘ಸೆಟಲ್ಡ್’ ಎಂದು ಕೂರುತ್ತದೆ. ಪೂರ್ತಿ ತೀರಿಸಿದ್ದು ‘ಕ್ಲೋಸ್ಡ್’ ಎಂದಾಗುತ್ತದೆ. ಮೊದಲನೆಯದನ್ನು ಕಂಡರೆ ಬ್ಯಾಂಕಿನವರು ಹುಬ್ಬು ಗಂಟಿಕ್ಕುತ್ತಾರೆ. ಮುಂದೆ ಸಾಲವೇ ಬೇಡವೆನ್ನುವವರು ಐವತ್ತಕ್ಕೇ ಮುಗಿಸಿಕೊಂಡರೆ ತಪ್ಪೇನಿಲ್ಲ. ನಮಗೆ ಹುಡುಗನ ಓದಿನ ಪ್ರಶ್ನೆಯಿತ್ತು.

ಏಜೆಂಟನನ್ನು ಬಿಟ್ಟು ಕಂಪೆನಿಗೇ ಬರೆದೆವು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು, ಮನೆಯವರನ್ನು ಕಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಸೂಚಿಸಿದ್ದನ್ನು ನೆನಪಿಸಿ, ಕರೆಗಳ ದಿನ, ಹೊತ್ತು ಬರೆದು ಲಗತ್ತಿಸಿದೆವು. ದಂಡದ ಹಣವನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕಬಾರದೆಂಬ 2023ರ ಸುತ್ತೋಲೆಯನ್ನೂ ಎತ್ತಿದೆವು. ಅದು ಹಿಂದಿನ ವರ್ಷಗಳಿಗೆ ಅನ್ವಯಿಸದು ಎಂದು ಅವರು ವಾದಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವುದಾಗಿ ಬರೆದದ್ದು ಕೆಲಸ ಮಾಡಿತು. ದಂಡ ಬಿಟ್ಟರು, 84,000ಕ್ಕೆ ಒಪ್ಪಿದರು, ಮೂರು ಕಂತಿನಲ್ಲಿ.

‘ಕ್ಲೋಸ್ಡ್’ ಎಂದೇ ದಾಖಲಿಸುತ್ತೇವೆಂಬ ಪತ್ರ ಕೈಗೆ ಬರುವವರೆಗೆ ಒಂದು ಪೈಸೆ ಕೊಡಲಿಲ್ಲ. ಏಜೆಂಟ್ ತನ್ನ ನಂಬರಿಗೆ ಹಾಕಿ ಎಂದರೂ ಸಾಲದ ಖಾತೆಗೇ ಕಟ್ಟಿದೆವು. ಹಣ ಹೊಂದಿದ್ದು ನಮ್ಮ ಚೀಟಿಯಿಂದ. ಸಾಲದ್ದಕ್ಕೆ ಕುಣಿಗಲ್ಲಿನ ಹಿರಿಯರು ಒಂದು ಹಸು ಮಾರಿದರು.

ಬಾಕಿ ಇಲ್ಲವೆಂಬ ಪತ್ರ ಬಂದರೂ ವರದಿ ಬದಲಾಗಲಿಲ್ಲ. ಮತ್ತೆ ದೂರು. ಮೂವತ್ತು ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿತ್ತು. ಅದನ್ನು ಕಾಣಿಸಿ ಬರೆದ ಮೇಲೆ ಸರಿಯಾಯಿತು. ಕಂತು ತಪ್ಪಿದ ತಿಂಗಳುಗಳ ಗುರುತು ಮಾತ್ರ ಹಾಗೇ ಇತ್ತು.

ಶಿಕ್ಷಣ ಸಾಲ ಎರಡನೇ ವರ್ಷಕ್ಕೆ ಮಂಜೂರಾಯಿತು. ಮೊದಲ ವರ್ಷದ ಶುಲ್ಕಕ್ಕೆಂದು ಅಡವಿಟ್ಟ ಅತ್ತಿಗೆಯ ಬಳೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ.