ಅಮ್ಮನ ರೂಮಿನ ತಿಳಿಹಸಿರು

ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಅನ್ನೋದು ದೊಡ್ಡ ಮೋಸ ಮಾರಾಯ್ರೆ! ತಿಳಿಹಸಿರು ಹುಡುಕಿದರೆ ಒಂದೇ ಪುಟದಲ್ಲಿ ಹನ್ನೆರಡು ತಿಳಿಹಸಿರು. ಬೆರಳಗಲದ ಚೂರು ನೋಡಿ ಇಡೀ ಗೋಡೆ ಕಲ್ಪಿಸಿಕೊಳ್ಳಬೇಕು. ಕಾರ್ಡಿನಲ್ಲಿ ಕಂಡೂ ಕಾಣದ ಹಾಗಿರೋ ಬಣ್ಣ ನಾಲ್ಕೂ ಗೋಡೆಗೆ ಬಿದ್ದರೆ, ಒಂದರದ್ದು ಇನ್ನೊಂದಕ್ಕೆ ಪ್ರತಿಫಲಿಸಿ ಗಾಢವಾಗಿಬಿಡುತ್ತೆ. "ಇಷ್ಟ ಆಗಿದ್ದಕ್ಕಿಂತ ಒಂದು ಶೇಡ್ ಕಮ್ಮಿ ತಗೊಳ್ಳಿ ಸಾರ್" ಅಂದರು ಪೇಂಟರ್. ಗೋಡೆ ಮೇಲೆ ಪ್ಯಾಚ್ ಹೊಡೆದೂ ತೋರಿಸಿದರು. ನಾನು ನೋಡಿದ್ದು ಹಗಲಲ್ಲಿ ಮಾತ್ರ... ಎಡವಿದ್ದೇ ಅಲ್ಲಿ.

ಅಮ್ಮ ಊರು ಬಿಟ್ಟು ಬೆಂಗಳೂರಿಗೆ, ನನ್ನ ಜೊತೆ ಇರೋಕೆ ಬರುವವಳಿದ್ದಳು. ಅವಳ ರೂಮಿಗೆ ತಿಳಿಹಸಿರೇ ಆಗಬೇಕು ಅಂತ ನನ್ನ ಹಟ. ಸಾಗರದ ಹತ್ತಿರದ ನಮ್ಮ ಮನೆಯ ನಡುಮನೆಗೆ ಅದೇ ಬಣ್ಣ ಇದ್ದಿದ್ದು. ದೀಪಾವಳಿಗೆ ಮುಂಚೆ ಅಪ್ಪ ಹಳೇ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದರೆ ಕೊತಕೊತ ಕುದಿಯೋದು. ಕಣ್ಣಿಗೆ ಸಿಡಿಯುತ್ತೆ ಅಂತ ನಮ್ಮನ್ನ ಹತ್ತಿರ ಬಿಡ್ತಿರಲಿಲ್ಲ. ಆರಿದ ಮೇಲೆ ಸೋಸಿ, ಅಂಗಡಿಯಿಂದ ತಂದ ಹಸಿರು ಪುಡಿ ಕಲಸೋರು. ಬಳಿಯುವಾಗ ಬಲಿತ ಬಾಳೆ ಎಲೆ ಬಣ್ಣ, ಒಣಗಿದ ಮೇಲೆ ಎಳೇ ಸುಳಿಯ ಬಣ್ಣ. ಅಳತೆ ಗಿಳತೆ ಏನೂ ಇಲ್ಲ, ಹಾಗಾಗಿ ವರ್ಷಕ್ಕೊಂದು ಹಸಿರು. ಗೋಡೆಗೆ ಒರಗಿ ಎದ್ದವರ ಬೆನ್ನಿಗೆಲ್ಲ ಪುಡಿ :-)

ಸರ್‌ಪ್ರೈಸ್ ಕೊಡೋಣ ಅಂತ ಅಮ್ಮನನ್ನ ಕೇಳಲೇ ಇಲ್ಲ. ಪುಟ್ಟಿ, ಪ್ರೈಮರ್, ಎರಡು ಕೋಟ್ ಎಲ್ಲ ಮುಗೀತು. ಅವಳು ಬಂದಿದ್ದು ರಾತ್ರಿ. ಲೈಟ್ ಹಾಕಿದೆ. ಬಾಗಿಲಲ್ಲೇ ನಿಂತಳು.

"ಹೇಗಿದೆ ಅಮ್ಮಾ?"

"ವಾರ್ಡಿನ ಥರ ಇದ್ಯಲ್ಲೋ ಪುಟ್ಟಾ..."

ಅಷ್ಟೆ. ಅವತ್ತು ಹಾಲ್‌ನಲ್ಲೇ ಚಾಪೆ ಹಾಸಿಕೊಂಡಳು.

ಅಪ್ಪನ ಕೊನೆಯ ಹತ್ತೊಂಬತ್ತು ದಿನ ಅಮ್ಮ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದಳು. ನಾನು ಶನಿವಾರ ಹೋಗಿ ಭಾನುವಾರ ರಾತ್ರಿ ಬಸ್ ಹತ್ತುತ್ತಿದ್ದವನು. ಆ ಗೋಡೆಗಳು ಹಸಿರು ಅನ್ನೋದೇ ನನಗೆ ನೆನಪಿರಲಿಲ್ಲ.

ನಿದ್ದೆ ಬರದೆ, ಆಸ್ಪತ್ರೆಗೆ ಯಾಕೆ ಹಸಿರು ಅಂತ ಓದುತ್ತಾ ಕೂತೆ. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಹ್ಯಾರಿ ಶೆರ್ಮನ್, ಆಪರೇಷನ್ ಥಿಯೇಟರಿನ ಬಿಳಿ ಕಣ್ಣು ಕುಕ್ಕುತ್ತೆ ಅಂತ ಪಾಲಕ್ ಸೊಪ್ಪಿನ ಹಸಿರು ತಂದರಂತೆ. ರಕ್ತದ ಕೆಂಪಿಗೆ ಪೂರಕ ಬಣ್ಣ ಹಸಿರು, ಕಣ್ಣಿಗೆ ಆರಾಮ. ಸರ್ಜನ್ ಕಣ್ಣಿಗೇನೋ ಸರಿ. ಸ್ಟೂಲಿನ ಮೇಲೆ ಕೂತವರ ಕಣ್ಣಿಗೆ?

ಬೆಳಿಗ್ಗೆ ಇಂಜಿನಿಯರ್ ಬುದ್ಧಿ ಓಡಿತು. ರೂಮಿನ ಎಲ್‌ಇಡಿ 6500 ಕೆಲ್ವಿನ್, ನೀಲಿ ಛಾಯೆಯ ಬಿಳಿ. ಆ ಬೆಳಕಿಗೆ ತಿಳಿಹಸಿರು ತಣ್ಣಗೆ, ಜೀವವಿಲ್ಲದ ಹಾಗೆ ಕಾಣುತ್ತೆ. 2700ರ ಹಳದಿ ಬಲ್ಬ್ ತಂದು ಹಾಕಿದೆ, ಹಳೇ ಬುರುಡೆ ಬಲ್ಬಿನ ಬೆಳಕಿನಂಥದ್ದು. ಗೋಡೆ ಸ್ವಲ್ಪ ನಮ್ಮ ನಡುಮನೆ ಹತ್ತಿರ ಬಂತು. "ಬೇರೆ ಬಣ್ಣ ಬೇಕಾದ್ರೂ ಹೊಡೆಸ್ತೀನಿ ಕಣಮ್ಮಾ" ಅಂದೆ. "ದುಡ್ಡು ದಂಡ. ಇರಲಿ ಬಿಡು" ಅಂದಳು.

ಮೊನ್ನೆ ಮಧ್ಯಾಹ್ನ ಅದೇ ರೂಮಿನಲ್ಲಿ, ಗೋಡೆಗೆ ಒರಗಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕೆಲಸ ಮುಗಿಸಿ ಎದ್ದವಳು ಕೈ ಹಿಂದೆ ಮಾಡಿ ಸೀರೆಯ ಬೆನ್ನು ಕೊಡವಿಕೊಂಡಳು. ಎಮಲ್ಷನ್ ಪೇಂಟ್, ಏನೂ ಅಂಟಿರಲಿಲ್ಲ.

ರಾತ್ರಿ ಮಾತ್ರ ಇನ್ನೂ ಹಾಲ್‌ನಲ್ಲೇ ಮಲಗ್ತಿದಾಳೆ. ಪೇಂಟರ್ ನಂಬರ್ ನಾನಿನ್ನೂ ಡಿಲೀಟ್ ಮಾಡಿಲ್ಲ.